ಮೋಷನ್ ತಂತ್ರಾಂಶದ ಲೈಬ್ರರಿ: ಸಿದ್ಧ ಸಾಮಗ್ರಿಯನ್ನು ಬಿಚ್ಚಿ, ತಿದ್ದಿ, ಸ್ವಂತದ್ದಾಗಿಸಿಕೊಳ್ಳುವ ಬಗೆ

ಚಲಿಸುವ ಶೀರ್ಷಿಕೆ, ಗ್ರಾಫಿಕ್ಸ್‌ಗಳನ್ನು ರಚಿಸುವ ಆಪಲ್ ಮೋಷನ್ ತಂತ್ರಾಂಶದಲ್ಲಿ ಹೊಸ ಪ್ರಾಜೆಕ್ಟ್ ತೆರೆದ ಕ್ಷಣದಲ್ಲಿ ಕ್ಯಾನ್ವಾಸ್ ಖಾಲಿಯಾಗಿರುತ್ತದೆ. ಎಡಗಡೆಯ ಲೈಬ್ರರಿ ಫಲಕದಲ್ಲಿ ಮಾತ್ರ ಬಿಹೇವಿಯರ್‌ಗಳು (ಸಿದ್ಧ ಚಲನೆಗಳು), ಫಿಲ್ಟರ್‌ಗಳು, ಜನರೇಟರ್‌ಗಳು (ತಾವೇ ವಿನ್ಯಾಸ ಮೂಡಿಸುವಂಥವು), ಪಾರ್ಟಿಕಲ್ ಎಮಿಟರ್‌ಗಳು (ಕಣಗಳನ್ನು ಚಿಮ್ಮಿಸುವಂಥವು), ರೆಪ್ಲಿಕೇಟರ್‌ಗಳು (ಒಂದೇ ವಸ್ತುವಿನ ಹಲವು ಪ್ರತಿಗಳನ್ನು ಜೋಡಿಸುವಂಥವು), ಆಕೃತಿಗಳು, ಗ್ರೇಡಿಯಂಟ್‌ಗಳು, ಅಕ್ಷರ ಶೈಲಿಗಳು ಸಾಲಾಗಿ ಕಾದಿರುತ್ತವೆ. ಹೊಸಬರು ಸಾಮಾನ್ಯವಾಗಿ ಇಲ್ಲಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ. ಕೆಲವರು ಕಣ್ಣಿಗೆ ಚೆಂದ ಕಂಡದ್ದನ್ನೆಲ್ಲ ಎಳೆದು ತಂದು ಪರದೆಯನ್ನು ತುಂಬಿಸುತ್ತಾರೆ. ಇನ್ನು ಕೆಲವರು ಸಿದ್ಧ ಸಾಮಗ್ರಿಯನ್ನು ಮುಟ್ಟುವುದೇ ಕೀಳೆಂದು ಭಾವಿಸಿ, ಅರ್ಧ ನಿಮಿಷದಲ್ಲಿ ಆಗುವ ಕೆಲಸಕ್ಕೆ ಅರ್ಧ ದಿನ ಕೀಫ್ರೇಮ್ (ಯಾವ ಕ್ಷಣದಲ್ಲಿ ಯಾವ ಮೌಲ್ಯ ಎಂಬ ಗುರುತು) ಇಡುತ್ತಾ ಕೂರುತ್ತಾರೆ. ಲೈಬ್ರರಿಯಿಂದ ತಂದ ಪ್ರತಿಯೊಂದು ವಸ್ತುವನ್ನೂ ಒಮ್ಮೆ ಬಿಚ್ಚಿ ನೋಡಿ, ಅದರ ಒಳಗಿನ ಲೆಕ್ಕವನ್ನು ಅರಿತು, ಬೇಕಾದಂತೆ ತಿದ್ದಿ, ತಿದ್ದಿದ ರೂಪವನ್ನು ಮತ್ತೆ ಅದೇ ಲೈಬ್ರರಿಗೆ ಸೇರಿಸುವ ಅಭ್ಯಾಸವೊಂದೇ ಈ ಫಲಕದಿಂದ ನಿಜವಾದ ಪ್ರಯೋಜನ ಕೊಡುತ್ತದೆ ಎಂಬುದು ನನ್ನ ಅನುಭವ. ಈ ಬರಹದಲ್ಲಿ ಹತ್ತು ಸೆಕೆಂಡುಗಳ ಒಂದು ಶೀರ್ಷಿಕೆ ದೃಶ್ಯವನ್ನು ಉದಾಹರಣೆಯಾಗಿ ಇಟ್ಟುಕೊಂಡು ಆ ಕ್ರಮವನ್ನು ವಿವರಿಸುತ್ತೇನೆ. ಪ್ರಾಜೆಕ್ಟ್‌ನ ಅಳತೆ 1920×1080 ಪಿಕ್ಸೆಲ್, ವೇಗ ಸೆಕೆಂಡಿಗೆ 25 ಫ್ರೇಮ್, ಒಟ್ಟು ಉದ್ದ 250 ಫ್ರೇಮ್ ಎಂದಿಟ್ಟುಕೊಳ್ಳಿ.

ಫಲಕವನ್ನು ಓದುವುದು

ಲೈಬ್ರರಿ ಫಲಕದ ಮೇಲ್ಭಾಗದಲ್ಲಿ ಆರಿಸಿದ ವಸ್ತುವಿನ ಮುನ್ನೋಟ ಕಾಣುತ್ತದೆ. ಅದರ ಕೆಳಗೆ ಎಡಕ್ಕೆ ವರ್ಗಗಳು, ಬಲಕ್ಕೆ ಉಪವರ್ಗಗಳು, ಇನ್ನೂ ಕೆಳಗೆ ಆ ಉಪವರ್ಗದ ವಸ್ತುಗಳು ಇರುತ್ತವೆ. ಬಿಹೇವಿಯರ್ ಅಥವಾ ಎಮಿಟರ್ ಒಂದನ್ನು ಕ್ಲಿಕ್ ಮಾಡಿದರೆ ಅದು ಹೇಗೆ ಚಲಿಸುತ್ತದೆ ಎಂಬುದನ್ನು ಮುನ್ನೋಟವೇ ತೋರಿಸುತ್ತದೆ, ಆದ್ದರಿಂದ ಪ್ರಾಜೆಕ್ಟ್‌ಗೆ ತಂದು ನೋಡಿ ಮತ್ತೆ ಅಳಿಸುವ ಶ್ರಮ ಬೇಕಿಲ್ಲ. ಹುಡುಕಾಟದ ಪೆಟ್ಟಿಗೆಯಲ್ಲಿ ಹೆಸರು ಕೊಟ್ಟರೂ ಏನೂ ಸಿಗದಿದ್ದರೆ ಮೊದಲು ಎರಡು ಸಂಗತಿಗಳನ್ನು ಪರೀಕ್ಷಿಸಿ: ಎಡಗಡೆ ತಪ್ಪು ವರ್ಗವನ್ನು ಆರಿಸಿಕೊಂಡಿದ್ದೀರಾ, ಥೀಮ್ ಪಟ್ಟಿಯಲ್ಲಿ ಯಾವುದೋ ಒಂದು ಥೀಮ್ ಆಯ್ಕೆಯಾಗಿ ಉಳಿದಿದೆಯೇ. ವಸ್ತು ಕಾಣೆಯಾಗಿದೆ ಎಂದು ಗಾಬರಿಪಟ್ಟ ಬಹಳಷ್ಟು ಸಂದರ್ಭಗಳಲ್ಲಿ ಕಾರಣ ಇವೆರಡರಲ್ಲಿ ಒಂದಾಗಿರುತ್ತದೆ. ಕಂಟೆಂಟ್ ವರ್ಗ ತೀರಾ ಬರಿದಾಗಿ ಕಂಡರೆ, ಹೆಚ್ಚುವರಿ ಸಾಮಗ್ರಿಯನ್ನು ಇನ್ನೂ ಇಳಿಸಿಕೊಂಡಿಲ್ಲ ಎಂದು ಅರ್ಥ. ಅದಕ್ಕೆ ಮೋಷನ್ ಮೆನುವಿನಲ್ಲಿ ‘ಡೌನ್‌ಲೋಡ್ ಅಡಿಷನಲ್ ಕಂಟೆಂಟ್’ ಎಂಬ ಆಯ್ಕೆಯಿದೆ.

ವಸ್ತುವನ್ನು ಪ್ರಾಜೆಕ್ಟ್‌ಗೆ ತರಲು ಹಲವು ದಾರಿಗಳಿವೆ, ಮತ್ತು ಯಾವ ದಾರಿಯಲ್ಲಿ ತಂದಿರಿ ಎಂಬುದು ಫಲಿತಾಂಶವನ್ನು ಬದಲಿಸುತ್ತದೆ. ಮುನ್ನೋಟದ ಪಕ್ಕದ ಅಪ್ಲೈ ಗುಂಡಿಯನ್ನು ಒತ್ತಿದರೆ ವಸ್ತು ಕ್ಯಾನ್ವಾಸಿನ ನಡುವೆ ಬಂದು ಕೂರುತ್ತದೆ. ಕ್ಯಾನ್ವಾಸ್ ಮೇಲೆ ಎಳೆದು ಬಿಟ್ಟರೆ ಬಿಟ್ಟ ಜಾಗದಲ್ಲೇ ನಿಲ್ಲುತ್ತದೆ. ಲೇಯರ್ ಪಟ್ಟಿಗೆ ಎಳೆದರೆ ಯಾವ ಗುಂಪಿನೊಳಗೆ, ಯಾವುದರ ಮೇಲೆ ಎಂಬುದನ್ನು ನೀವೇ ನಿರ್ಧರಿಸಬಹುದು. ಟೈಮ್‌ಲೈನ್‌ಗೆ ಎಳೆದರೆ ಯಾವ ಫ್ರೇಮ್‌ನಿಂದ ಆರಂಭ ಎಂಬುದೂ ಕೈಯಲ್ಲಿರುತ್ತದೆ. ಫಿಲ್ಟರ್ ಮತ್ತು ಬಿಹೇವಿಯರ್‌ಗಳನ್ನು ಕ್ಯಾನ್ವಾಸ್ ಮೇಲೆ ಬಿಡುವ ಅಭ್ಯಾಸವನ್ನು ಆದಷ್ಟು ಬೇಗ ಬಿಡಿ. ಅವು ಪಾಯಿಂಟರ್‌ನ ಅಡಿಯಲ್ಲಿರುವ ವಸ್ತುವಿಗೆ ಅಂಟಿಕೊಳ್ಳುತ್ತವೆ, ಮತ್ತು ಪರದೆ ತುಂಬ ಹರಡಿದ ಪಾರದರ್ಶಕ ಲೇಯರ್ ಮೇಲೊಂದಿದ್ದರೆ ಶೀರ್ಷಿಕೆಗೆ ಹೋಗಬೇಕಾದ ಮಸುಕು ಆ ಲೇಯರ್‌ಗೆ ಹೋಗಿ ಸೇರುತ್ತದೆ. ಲೇಯರ್ ಪಟ್ಟಿಯಲ್ಲಿ ಹೆಸರಿನ ಮೇಲೆಯೇ ಬಿಟ್ಟರೆ ಈ ತೊಡಕಿಲ್ಲ.

ಇನ್ನೊಂದು ಸಂಗತಿಯನ್ನು ಆರಂಭದಲ್ಲೇ ಸ್ಪಷ್ಟಪಡಿಸಿಕೊಳ್ಳಬೇಕು. ಪ್ರಾಜೆಕ್ಟ್‌ಗೆ ಬಂದ ವಸ್ತು ಲೈಬ್ರರಿಯ ಮೂಲದ ಒಂದು ಪ್ರತಿ. ನೀವು ಅದನ್ನು ಎಷ್ಟು ತಿದ್ದಿದರೂ ಮೂಲ ಹಾಗೆಯೇ ಉಳಿಯುತ್ತದೆ, ಹಾಗಾಗಿ ಕೆಡಿಸುವ ಭಯವಿಲ್ಲದೆ ಎಲ್ಲ ಸಂಖ್ಯೆಗಳನ್ನೂ ಬದಲಿಸಿ ನೋಡಬಹುದು. ಮೋಷನ್‌ನಲ್ಲಿ ದೃಶ್ಯ ಓಡುತ್ತಿರುವಾಗಲೇ ಮೌಲ್ಯಗಳನ್ನು ಬದಲಿಸಲು ಸಾಧ್ಯವಿರುವುದರಿಂದ, ಒಂದು ಸ್ಲೈಡರ್ ಏನು ಮಾಡುತ್ತದೆ ಎಂಬುದನ್ನು ಕಲಿಯಲು ಅದನ್ನು ಪ್ಲೇ ಮಾಡುತ್ತಲೇ ಎಳೆಯುವುದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಒಂದು ಎಮಿಟರ್‌ನ ಒಳಹೊಕ್ಕು

ನಮ್ಮ ಶೀರ್ಷಿಕೆಯ ಹಿಂದೆ ಸಣ್ಣ ಬೆಳಕಿನ ಕಣಗಳು ತೇಲಬೇಕು. ಪಾರ್ಟಿಕಲ್ ಎಮಿಟರ್ಸ್ ವರ್ಗದ ಸ್ಪಾರ್ಕಲ್ಸ್ ಉಪವರ್ಗದಿಂದ ಒಂದನ್ನು ಆರಿಸಿ, ಪ್ಲೇಹೆಡ್ ಅನ್ನು (ಈಗ ಯಾವ ಫ್ರೇಮ್ ಕಾಣುತ್ತಿದೆ ಎಂದು ತೋರಿಸುವ ಗೆರೆಯನ್ನು) ಮೊದಲ ಫ್ರೇಮ್‌ಗೆ ತಂದು, ಲೇಯರ್ ಪಟ್ಟಿಯಲ್ಲಿ ಹಿನ್ನೆಲೆಯ ಗುಂಪಿನೊಳಗೆ ಬಿಡಿ. ಪ್ಲೇಹೆಡ್ ಎಲ್ಲಿದೆ ಎಂಬುದನ್ನು ಗಮನಿಸಲು ಕಾರಣವಿದೆ: ಹೊಸ ಲೇಯರ್‌ಗಳು ಈಗಿನ ಫ್ರೇಮ್‌ನಿಂದ ಆರಂಭವಾಗಬೇಕೋ ಪ್ರಾಜೆಕ್ಟ್‌ನ ಆದಿಯಿಂದಲೋ ಎಂಬುದನ್ನು ತಂತ್ರಾಂಶದ ಆದ್ಯತೆಗಳಲ್ಲಿ ನಿಗದಿಪಡಿಸಲಾಗಿರುತ್ತದೆ, ಮತ್ತು ಅದು ಈಗಿನ ಫ್ರೇಮ್ ಎಂದಿದ್ದಾಗ ಪ್ಲೇಹೆಡ್ ಮಧ್ಯದಲ್ಲಿದ್ದರೆ ಮೊದಲ ಅರ್ಧ ದೃಶ್ಯದಲ್ಲಿ ಕಣಗಳೇ ಇರುವುದಿಲ್ಲ.

ಪ್ಲೇ ಮಾಡಿದ ಕೂಡಲೇ ಒಂದು ಕೊರತೆ ಕಣ್ಣಿಗೆ ಬೀಳುತ್ತದೆ. ಮೊದಲ ಫ್ರೇಮ್ ಬರಿದಾಗಿರುತ್ತದೆ, ಕಣಗಳು ಒಂದೊಂದಾಗಿ ಹುಟ್ಟಿ, ಪರದೆ ತುಂಬುವ ಹೊತ್ತಿಗೆ ಶೀರ್ಷಿಕೆಯ ಮುಕ್ಕಾಲು ಕಥೆ ಮುಗಿದಿರುತ್ತದೆ. ಇದು ತಂತ್ರಾಂಶದ ದೋಷವಲ್ಲ. ಎಮಿಟರ್ ತನ್ನ ಆರಂಭದ ಕ್ಷಣದಿಂದ ಕಣಗಳನ್ನು ಹುಟ್ಟಿಸುತ್ತಾ ಹೋಗುವ ಒಂದು ಯಂತ್ರದಂತೆ. ಲೇಯರ್ ಪಟ್ಟಿಯಲ್ಲಿ ಎಮಿಟರ್‌ನ ಪಕ್ಕದ ತ್ರಿಕೋನವನ್ನು ಒತ್ತಿ ಬಿಚ್ಚಿದರೆ ಒಳಗೆ ಒಂದು ಅಥವಾ ಹೆಚ್ಚು ಸೆಲ್‌ಗಳು, ಅಂದರೆ ಕಣದ ಮಾದರಿಗಳು, ಕಾಣುತ್ತವೆ. ಸೆಲ್ ಒಂದನ್ನು ಆರಿಸಿ, ಆರಿಸಿದ ವಸ್ತುವಿನ ಮೌಲ್ಯಗಳನ್ನು ತೋರಿಸುವ ಇನ್‌ಸ್ಪೆಕ್ಟರ್ ಫಲಕವನ್ನು ನೋಡಿ. ಅಲ್ಲಿ ಬರ್ತ್ ರೇಟ್ ಎಂದರೆ ಸೆಕೆಂಡಿಗೆ ಹುಟ್ಟುವ ಕಣಗಳ ಸಂಖ್ಯೆ, ಲೈಫ್ ಎಂದರೆ ಪ್ರತಿ ಕಣದ ಆಯುಸ್ಸು, ಅದೂ ಸೆಕೆಂಡುಗಳಲ್ಲಿ. ಈ ಎರಡನ್ನು ಗುಣಿಸಿದರೆ ಸ್ಥಿರ ಸ್ಥಿತಿಯಲ್ಲಿ ಪರದೆಯ ಮೇಲೆ ಏಕಕಾಲಕ್ಕೆ ಎಷ್ಟು ಕಣಗಳಿರುತ್ತವೆ ಎಂಬ ಲೆಕ್ಕ ಸಿಗುತ್ತದೆ. ಬರ್ತ್ ರೇಟ್ 60, ಲೈಫ್ 4 ಆಗಿದ್ದರೆ 240 ಕಣಗಳು. ಆ ಸ್ಥಿತಿಯನ್ನು ತಲುಪಲು ಒಂದು ಆಯುಸ್ಸಿನಷ್ಟು ಕಾಲ, ಅಂದರೆ 4 ಸೆಕೆಂಡು ಬೇಕು. ನಮ್ಮ ವೇಗದಲ್ಲಿ ಅದು 100 ಫ್ರೇಮ್.

ಪರಿಹಾರ ಈ ಲೆಕ್ಕದಲ್ಲೇ ಇದೆ. ಟೈಮ್‌ಲೈನ್‌ನಲ್ಲಿ ಎಮಿಟರ್‌ನ ಪಟ್ಟಿಯನ್ನು ಹಿಡಿದು 100 ಫ್ರೇಮ್ ಎಡಕ್ಕೆ, ಪ್ರಾಜೆಕ್ಟ್‌ನ ಆರಂಭಕ್ಕಿಂತ ಹಿಂದಕ್ಕೆ ಸರಿಸಿ. ಈಗ ಯಂತ್ರ ಪರದೆಗೆ ಬರುವ ಮುನ್ನವೇ 4 ಸೆಕೆಂಡು ಓಡಿರುತ್ತದೆ, ಮತ್ತು ಮೊದಲ ಫ್ರೇಮ್‌ನಲ್ಲೇ ಪರದೆ ತುಂಬಿರುತ್ತದೆ. ಪಟ್ಟಿ ಪೂರ್ತಿಯಾಗಿ ಸರಿದದ್ದರಿಂದ ಅದರ ಬಲತುದಿಯೂ 100 ಫ್ರೇಮ್ ಹಿಂದೆ ಬಂದಿರುತ್ತದೆ. ಅದನ್ನು ಎಳೆದು ಮತ್ತೆ ಪ್ರಾಜೆಕ್ಟ್‌ನ ಕೊನೆಗೆ ತಲುಪಿಸಲು ಮರೆಯಬೇಡಿ, ಇಲ್ಲವಾದರೆ ಆರನೆಯ ಸೆಕೆಂಡಿಗೆ ಕಣಗಳೆಲ್ಲ ಥಟ್ಟನೆ ಮಾಯವಾಗುತ್ತವೆ. ಸೆಲ್‌ನಲ್ಲಿರುವ ಇನಿಷಿಯಲ್ ನಂಬರ್ ಎಂಬ ಮೌಲ್ಯವನ್ನು ಹೆಚ್ಚಿಸಿಯೂ ಮೊದಲ ಫ್ರೇಮ್‌ನಲ್ಲಿ ಕಣಗಳನ್ನು ತರಬಹುದು, ಆದರೆ ಆಗ ಅವೆಲ್ಲವೂ ಒಂದೇ ಕ್ಷಣದಲ್ಲಿ ಹುಟ್ಟಿದವಾದ್ದರಿಂದ ಒಂದೇ ವಯಸ್ಸಿನವಾಗಿರುತ್ತವೆ. ಪಟಾಕಿಯಂತೆ ಸಿಡಿಯುವ ದೃಶ್ಯಕ್ಕೆ ಅದು ಸರಿ, ಮೊದಲಿನಿಂದಲೂ ತೇಲುತ್ತಿದ್ದವೆಂಬ ಭಾವಕ್ಕೆ ಸರಿಹೊಂದುವುದಿಲ್ಲ.

ಎಮಿಟರ್‌ನಲ್ಲಿ ಒಂದಕ್ಕಿಂತ ಹೆಚ್ಚು ಸೆಲ್‌ಗಳಿದ್ದರೆ, ಎಮಿಟರ್‌ನದೇ ಇನ್‌ಸ್ಪೆಕ್ಟರ್‌ನಲ್ಲಿ ಎಲ್ಲ ಸೆಲ್‌ಗಳನ್ನು ಒಟ್ಟಿಗೆ ಹೆಚ್ಚುಕಡಿಮೆ ಮಾಡುವ ಮಾಸ್ಟರ್ ನಿಯಂತ್ರಣಗಳು ಶೇಕಡಾ ಲೆಕ್ಕದಲ್ಲಿ ಸಿಗುತ್ತವೆ. ದಟ್ಟಣೆಯನ್ನು ಮಾತ್ರ ತಗ್ಗಿಸಬೇಕಿದ್ದಾಗ ಸೆಲ್‌ಗಳನ್ನು ಒಂದೊಂದಾಗಿ ಮುಟ್ಟದೆ ಅಲ್ಲಿಯೇ ಬರ್ತ್ ರೇಟ್ ಅನ್ನು 100ರಿಂದ 40ಕ್ಕೆ ಇಳಿಸಿದರೆ ಸಾಕು, ಸೆಲ್‌ಗಳ ಪರಸ್ಪರ ಪ್ರಮಾಣ ಕೆಡುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಸಿದ್ಧ ಎಮಿಟರ್‌ಗಳಲ್ಲಿ ಬಹುಪಾಲು, ಅಕ್ಷರಗಳ ಹಿಂದೆ ಇಡುವುದಕ್ಕೆ ಅತಿ ದಟ್ಟವಾಗಿರುತ್ತವೆ. ಅವು ತಾವೇ ನಾಯಕರಂತೆ ಕಾಣಲು ರಚಿತವಾದವು. ಓದಬೇಕಾದ ಪದ ಮುಂದಿರುವಾಗ ಅವನ್ನು ಅರ್ಧಕ್ಕಿಂತ ಕಡಿಮೆ ಮಾಡುವುದು ಓದುಗರಿಗೆ ತೋರಿಸುವ ಸೌಜನ್ಯ.

ಸ್ವಂತಿಕೆ ಬರುವುದು ಸೆಲ್‌ನ ಮೂಲವನ್ನು ಬದಲಿಸಿದಾಗ. ನೀವು ಬರೆದ ಒಂದು ಸಣ್ಣ ಚಿತ್ರವನ್ನು, ಉದಾಹರಣೆಗೆ ಅಂಚು ಮಸುಕಾದ ಷಟ್ಕೋನವೊಂದನ್ನು, ಸೆಲ್‌ನ ಇನ್‌ಸ್ಪೆಕ್ಟರ್‌ನಲ್ಲಿ ಪಾರ್ಟಿಕಲ್ ಸೋರ್ಸ್ ಎಂಬ ಚೌಕಕ್ಕೆ ಎಳೆದು ಬಿಡಿ. ವೇಗ, ಆಯುಸ್ಸು, ತಿರುಗುವಿಕೆ ಎಲ್ಲವೂ ಹಾಗೆಯೇ ಉಳಿದು, ಕಣದ ರೂಪ ಮಾತ್ರ ಬದಲಾಗುತ್ತದೆ. ನಂತರ ಕಲರ್ ಮೋಡ್ ಅನ್ನು ‘ಓವರ್ ಲೈಫ್’ಗೆ ಬದಲಿಸಿ, ಅಲ್ಲಿ ಕಾಣುವ ಗ್ರೇಡಿಯಂಟ್‌ನಲ್ಲಿ ಹುಟ್ಟುವಾಗಿನ ಬಣ್ಣದಿಂದ ಅಳಿಯುವಾಗಿನ ಬಣ್ಣದವರೆಗೆ ನಿಮ್ಮ ದೃಶ್ಯಕ್ಕೆ ಹೊಂದುವ ಛಾಯೆಗಳನ್ನು ಇಡಿ, ಅಪಾರದರ್ಶಕತೆಯ ಪಟ್ಟಿಯಲ್ಲಿ ಎರಡೂ ತುದಿಗಳನ್ನು ಸೊನ್ನೆಗೆ ತಂದರೆ ಕಣಗಳು ಥಟ್ಟನೆ ಮೂಡದೆ ನಿಧಾನವಾಗಿ ಬೆಳಗಿ ನಿಧಾನವಾಗಿ ಆರುತ್ತವೆ. ಹಿನ್ನೆಲೆ ಕಪ್ಪಾಗಿದ್ದರೆ ಅಡಿಟಿವ್ ಬ್ಲೆಂಡ್ ಚೌಕವನ್ನು ಆರಿಸುವುದರಿಂದ ಒಂದರ ಮೇಲೊಂದು ಬಂದ ಕಣಗಳು ಹೆಚ್ಚು ಹೊಳೆಯುತ್ತವೆ, ಬಿಳಿ ಹಿನ್ನೆಲೆಯಲ್ಲಿ ಅದೇ ಹೊಳಪು ಎದ್ದು ಕಾಣುವುದಿಲ್ಲ. ಎಲ್ಲ ಸರಿಯಿದ್ದೂ ಒಂದು ಕಣ ಮುಖ್ಯ ಅಕ್ಷರದ ಮೇಲೆ ಬಂದು ನಿಲ್ಲುತ್ತಿದ್ದರೆ, ಕಣಗಳ ಯಾದೃಚ್ಛಿಕ ಹಂಚಿಕೆಯನ್ನು ನಿರ್ಧರಿಸುವ ರ್‍ಯಾಂಡಮ್ ಸೀಡ್ ಸಂಖ್ಯೆಯನ್ನು ಬದಲಿಸಿ. ಗುಣ ಹಾಗೆಯೇ ಇದ್ದು ಹಂಚಿಕೆ ಮಾತ್ರ ಹೊಸದಾಗುತ್ತದೆ.

ಅಕ್ಷರ, ಚಲನೆ, ಫಿಲ್ಟರ್

ಅಕ್ಷರಗಳಿಗೆ ಲೈಬ್ರರಿ ಎರಡು ಬಗೆಯ ನೆರವು ಕೊಡುತ್ತದೆ. ಟೆಕ್ಸ್ಟ್ ಸ್ಟೈಲ್ಸ್ ಎಂಬುದು ಬಣ್ಣ, ಹೊರಗೆರೆ, ನೆರಳುಗಳ ಸಿದ್ಧ ರೂಪ. ಬಿಹೇವಿಯರ್ಸ್ ವರ್ಗದೊಳಗಿನ ಅಕ್ಷರ ಸಂಬಂಧಿ ಉಪವರ್ಗಗಳು ಅಕ್ಷರಗಳ ಬರುವಿಕೆ ಮತ್ತು ಹೋಗುವಿಕೆಯ ಸಿದ್ಧ ಚಲನೆಗಳು. ಎರಡನೆಯವನ್ನು ಬಳಸುವಾಗ ಕೂಡಕ್ಷರಗಳಿರುವ ಅಥವಾ ಅಕ್ಷರಗಳು ಜೋಡಿಕೊಳ್ಳುವ ಲಿಪಿಗಳಲ್ಲಿ, ಅಂದರೆ ಕನ್ನಡ, ದೇವನಾಗರಿ, ಅರೇಬಿಕ್ ಮುಂತಾದವುಗಳಲ್ಲಿ, ಒಂದು ಎಚ್ಚರ ಬೇಕು. ‘ಕ್ಷ’ ಎಂಬ ಒಂದು ರೂಪ ಯೂನಿಕೋಡ್‌ನಲ್ಲಿ ಕಕಾರ, ಹಲಂತ ಚಿಹ್ನೆ (್), ಷಕಾರ ಎಂಬ ಮೂರು ಸಂಕೇತಗಳಿಂದ ಆದದ್ದು. ಅಕ್ಷರ ಅಕ್ಷರವಾಗಿ ಮೂಡಿಸುವ ಪ್ರಿಸೆಟ್ (ಸಿದ್ಧ ಸಂಯೋಜನೆ) ಇಂಥ ರೂಪಗಳನ್ನು ಹೇಗೆ ವಿಭಜಿಸುತ್ತದೆ ಎಂಬುದನ್ನು ಫ್ರೇಮ್ ಫ್ರೇಮ್ ಆಗಿ ನೋಡದೆ ನಂಬಬಾರದು. ತೊಂದರೆ ಕಂಡರೆ, ಸೀಕ್ವೆನ್ಸ್ ಟೆಕ್ಸ್ಟ್ ಬಿಹೇವಿಯರ್‌ನ ಯೂನಿಟ್ ಸೈಜ್ ಎಂಬಲ್ಲಿ ಕ್ಯಾರೆಕ್ಟರ್ ಬದಲು ವರ್ಡ್ ಅಥವಾ ಲೈನ್ ಆರಿಸಿ. ಪದ ಇಡಿಯಾಗಿ ಚಲಿಸಿದಾಗ ಒತ್ತಕ್ಷರ ಬೇರ್ಪಡುವ ಪ್ರಶ್ನೆಯೇ ಏಳುವುದಿಲ್ಲ, ಮತ್ತು ಪದವಾರು ಚಲನೆ ಓದುವ ಕಣ್ಣಿಗೂ ಹಿತ.

ಬಿಹೇವಿಯರ್‌ಗಳು ಕೀಫ್ರೇಮ್ ಇಲ್ಲದೆ ಚಲನೆ ಕೊಡುವ ಸೂತ್ರಗಳು. ಅವನ್ನು ಹಾಕಿದಾಗ ಸಾಮಾನ್ಯವಾಗಿ ಲೇಯರ್‌ನ ಪೂರ್ತಿ ಉದ್ದಕ್ಕೂ ಹರಡಿಕೊಳ್ಳುತ್ತವೆ, ಆದ್ದರಿಂದ ವಸ್ತುವನ್ನು ಒಂದು ದಿಕ್ಕಿಗೆ ಎಸೆಯುವ ಥ್ರೋ ಬಿಹೇವಿಯರ್ ಹಾಕಿದ ಶೀರ್ಷಿಕೆ ಪರದೆಯಿಂದ ಆಚೆ ಹೋಗುವವರೆಗೂ ನಿಲ್ಲುವುದೇ ಇಲ್ಲ. ಟೈಮ್‌ಲೈನ್‌ನಲ್ಲಿ ಬಿಹೇವಿಯರ್‌ನ ಪಟ್ಟಿಯನ್ನು ಮಾತ್ರ ಮೊಟಕುಗೊಳಿಸಿ, ಯಾವಾಗ ಆರಂಭ ಮತ್ತು ಯಾವಾಗ ಕೊನೆ ಎಂದು ತೀರ್ಮಾನಿಸಿ. ಒಂದೇ ಲೇಯರ್‌ಗೆ ಎರಡು ಮೂರು ಬಿಹೇವಿಯರ್ ಹಾಕಿದಾಗ, ಹಾಗೂ ಅದೇ ಗುಣಕ್ಕೆ ಕೀಫ್ರೇಮ್‌ಗಳೂ ಇದ್ದಾಗ, ಪರಿಣಾಮಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ನೀವು ಟೈಪ್ ಮಾಡಿದ ಸ್ಥಾನಕ್ಕೂ ವಸ್ತು ನಿಂತಿರುವ ಸ್ಥಾನಕ್ಕೂ ತಾಳೆಯಾಗದಿದ್ದರೆ ಕಾರಣ ಹೆಚ್ಚಾಗಿ ಇದೇ. ಇಂಥ ಗುಣದ ಪಕ್ಕದಲ್ಲಿ ಇನ್‌ಸ್ಪೆಕ್ಟರ್ ಒಂದು ಹಲ್ಲುಚಕ್ರದ ಗುರುತನ್ನು ತೋರಿಸುತ್ತದೆ. ಚಲನೆಯ ಪ್ರತಿ ತಿರುವೂ ಕೈಯಲ್ಲಿರಬೇಕು ಎಂದಾದರೆ ಆಬ್ಜೆಕ್ಟ್ ಮೆನುವಿನ ‘ಕನ್ವರ್ಟ್ ಟು ಕೀಫ್ರೇಮ್ಸ್’ ಆಯ್ಕೆ ಇದೆ. ಅದು ಆ ವಸ್ತುವಿನ ಎಲ್ಲ ಬಿಹೇವಿಯರ್‌ಗಳನ್ನೂ ಒಟ್ಟಿಗೆ ಕೀಫ್ರೇಮ್‌ಗಳಾಗಿ ಪರಿವರ್ತಿಸುವುದರಿಂದ, ಮೊದಲು ವಸ್ತುವಿನ ಒಂದು ನಕಲನ್ನು ಮಾಡಿ, ಮೂಲವನ್ನು ಮರೆಮಾಡಿಟ್ಟು, ನಕಲಿನ ಮೇಲೆ ಪ್ರಯೋಗಿಸುವುದು ಕ್ಷೇಮ.

ಫಿಲ್ಟರ್‌ಗಳಲ್ಲಿ ಕ್ರಮವೇ ಮುಖ್ಯ. ಲೇಯರ್ ಪಟ್ಟಿಯಲ್ಲಿ ಅವು ಕೆಳಗಿನಿಂದ ಮೇಲಕ್ಕೆ ಒಂದಾದ ಮೇಲೊಂದರಂತೆ ಅನ್ವಯವಾಗುತ್ತವೆ. ಮೊದಲು ಹೊಳಪು ಕೊಟ್ಟು ಆಮೇಲೆ ಮಸುಕು ಮಾಡಿದರೆ ಅಕ್ಷರದ ಅಂಚೇ ಕರಗುತ್ತದೆ. ಇದರ ತಿರುವುಮುರುವಿನಲ್ಲಿ ಮಸುಕಾದ ಆಕಾರದ ಸುತ್ತ ಪ್ರಭೆ ಹರಡುತ್ತದೆ. ಮಸುಕಿನ ಸುತ್ತ ಕತ್ತರಿಯಿಂದ ಕತ್ತರಿಸಿದಂಥ ಚೌಕದ ಅಂಚು ಕಂಡರೆ ಆ ಫಿಲ್ಟರ್‌ನ ಕ್ರಾಪ್ ಚೌಕದ ಗುರುತನ್ನು ತೆಗೆದುಬಿಡಿ. ಹತ್ತು ಲೇಯರ್‌ಗಳಿಗೆ ಒಂದೇ ಫಿಲ್ಟರ್ ಬೇಕಿದ್ದಾಗ ಅವನ್ನು ಒಂದು ಗುಂಪಿಗೆ ಸೇರಿಸಿ ಗುಂಪಿಗೆ ಒಮ್ಮೆ ಹಾಕುವುದರಿಂದ ಕಂಪ್ಯೂಟರ್‌ನ ಹೊರೆ ಇಳಿಯುತ್ತದೆ, ತಿದ್ದುವ ಜಾಗವೂ ಒಂದೇ ಆಗುತ್ತದೆ.

ಕಂಟೆಂಟ್ ವರ್ಗದಿಂದ ಚಲಿಸುವ ಹಿನ್ನೆಲೆಯನ್ನು ತಂದಾಗ ಅದು ದೃಶ್ಯಕ್ಕಿಂತ ಮೊದಲೇ ಮುಗಿದುಹೋಗುವುದುಂಟು. ಅಂಥ ವಿಡಿಯೊ ಲೇಯರ್ ಆರಿಸಿ, ಪ್ರಾಪರ್ಟೀಸ್ ಇನ್‌ಸ್ಪೆಕ್ಟರ್‌ನ ಟೈಮಿಂಗ್ ಭಾಗದಲ್ಲಿ ಎಂಡ್ ಕಂಡಿಷನ್ ಅನ್ನು ಲೂಪ್ (ಮೊದಲಿನಿಂದ ಮತ್ತೆ), ಪಿಂಗ್‌ಪಾಂಗ್ (ಮುಂದಕ್ಕೆ ಓಡಿ ಹಿಂದಕ್ಕೆ) ಅಥವಾ ಹೋಲ್ಡ್‌ಗೆ (ಕೊನೆಯ ಫ್ರೇಮ್‌ನಲ್ಲೇ ನಿಲ್ಲುವುದು) ಬದಲಿಸಿ. ಲೂಪ್ ಮಾಡಿದಾಗ ಜೋಡಣೆಯ ಜಾಗದಲ್ಲಿ ಜಿಗಿತ ಕಂಡರೆ ಪಿಂಗ್‌ಪಾಂಗ್ ಪ್ರಯತ್ನಿಸಿ. ಹೊಗೆ, ನೀರು ಮುಂತಾದವು ಹಿಮ್ಮುಖವಾಗಿ ಓಡಿದರೆ ಮಾತ್ರ ಎದ್ದು ಕಾಣುತ್ತದೆ, ಅಮೂರ್ತ ವಿನ್ಯಾಸಗಳಲ್ಲಿ ಗೊತ್ತಾಗುವುದಿಲ್ಲ. ಪಾರದರ್ಶಕ ಅಂಚುಗಳ ಸುತ್ತ ಕಪ್ಪು ಗೆರೆ ಮೂಡಿದರೆ ಮೀಡಿಯಾ ಇನ್‌ಸ್ಪೆಕ್ಟರ್‌ನ ಆಲ್ಫಾ ಟೈಪ್ (ಪಾರದರ್ಶಕತೆಯ ಮಾಹಿತಿಯನ್ನು ಓದುವ ಬಗೆ) ತಪ್ಪಾಗಿದೆ ಎಂದು ಅರ್ಥ. ಸ್ಟ್ರೇಟ್ ಮತ್ತು ಪ್ರಿಮಲ್ಟಿಪ್ಲೈಡ್ ಆಯ್ಕೆಗಳನ್ನು ಬದಲಿಸಿ ನೋಡಿ.

ಇತರ ತಂತ್ರಾಂಶಗಳಲ್ಲೂ ಹೆಸರುಗಳು ಬೇರೆಯಾದರೂ ರೀತಿ ಇದೇ. ಅಡೋಬಿಯ ಆಫ್ಟರ್ ಎಫೆಕ್ಟ್ಸ್‌ನಲ್ಲಿ ಎಫೆಕ್ಟ್ಸ್ ಆಂಡ್ ಪ್ರಿಸೆಟ್ಸ್ ಫಲಕವಿದೆ, ಪ್ರಿಸೆಟ್‌ಗಳು ಎಫ್‌ಎಫ್‌ಎಕ್ಸ್ ಕಡತಗಳಾಗಿ ಉಳಿಯುತ್ತವೆ. ಅಲ್ಲಿ ಪ್ರಿಸೆಟ್‌ನ ಕೀಫ್ರೇಮ್‌ಗಳು ಆ ಕ್ಷಣದ ಕಾಲಸೂಚಕ ಇರುವ ಜಾಗದಿಂದ ಆರಂಭವಾಗುತ್ತವೆ ಎಂಬುದನ್ನು ಮರೆತರೆ ಶೀರ್ಷಿಕೆ ತಡವಾಗಿ ಬರುತ್ತದೆ.

ತಿದ್ದಿದ್ದನ್ನು ಲೈಬ್ರರಿಗೆ ಮರಳಿಸುವುದು

ಇಷ್ಟೆಲ್ಲ ತಿದ್ದಿದ ಎಮಿಟರ್ ಒಂದೇ ಪ್ರಾಜೆಕ್ಟ್‌ನಲ್ಲಿ ಉಳಿದುಹೋದರೆ ಮುಂದಿನ ಸಲ ಮತ್ತೆ ಅದೇ ಲೆಕ್ಕ ಹಾಕಬೇಕಾಗುತ್ತದೆ. ಆದ್ದರಿಂದ ಲೇಯರ್ ಪಟ್ಟಿಯಲ್ಲಿ ಅದಕ್ಕೆ ಮೊದಲು ಒಂದು ಅರ್ಥಪೂರ್ಣ ಹೆಸರು ಕೊಡಿ. ‘ಎಮಿಟರ್ ಕಾಪಿ 3’ ಎಂಬ ಹೆಸರು ಆರು ತಿಂಗಳ ನಂತರ ಯಾರಿಗೂ ಏನನ್ನೂ ಹೇಳುವುದಿಲ್ಲ. ‘ತೇಲುವ ಷಟ್ಕೋನ, ವಿರಳ, ಕಪ್ಪು ಹಿನ್ನೆಲೆ’ ಎಂದಿದ್ದರೆ ತೆರೆಯದೆಯೇ ತಿಳಿಯುತ್ತದೆ. ನಂತರ ಅದನ್ನು ಲೈಬ್ರರಿಯ ಪಾರ್ಟಿಕಲ್ ಎಮಿಟರ್ಸ್ ವರ್ಗಕ್ಕೆ ಅಥವಾ ಫೇವರಿಟ್ಸ್‌ಗೆ ಎಳೆದು ಬಿಡಿ. ನೀವು ಸೇರಿಸಿದ ವಸ್ತುವಿನ ಚಿತ್ರದ ಮೂಲೆಯಲ್ಲಿ ವ್ಯಕ್ತಿಯ ಆಕೃತಿಯ ಸಣ್ಣ ಗುರುತು ಇರುವುದರಿಂದ ಮೂಲ ಸಾಮಗ್ರಿಯೊಂದಿಗೆ ಬೆರೆತುಹೋಗುವುದಿಲ್ಲ. ಹಲವು ಲೇಯರ್‌ಗಳನ್ನು ಒಟ್ಟಿಗೆ ಆರಿಸಿ ಎಳೆದಾಗ ಬಿಡದೆ ಒಂದು ಕ್ಷಣ ತಡೆದರೆ, ಎಲ್ಲವನ್ನೂ ಒಂದೇ ಕಡತವಾಗಿ ಉಳಿಸಬೇಕೋ ಬೇರೆಬೇರೆಯಾಗಿಯೋ ಎಂದು ಕೇಳುವ ಸಣ್ಣ ಪಟ್ಟಿ ತೆರೆದುಕೊಳ್ಳುತ್ತದೆ. ಫೇವರಿಟ್ಸ್ ಮೆನು ಎಂಬ ಇನ್ನೊಂದು ವರ್ಗಕ್ಕೆ ಹಾಕಿದ ವಸ್ತುಗಳು ಮೇಲಿನ ಫೇವರಿಟ್ಸ್ ಮೆನುವಿನಲ್ಲೇ ಕಾಣಿಸಿಕೊಳ್ಳುತ್ತವೆ; ದಿನವೂ ಬಳಸುವ ನಾಲ್ಕೈದನ್ನು ಮಾತ್ರ ಅಲ್ಲಿಡಿ.

ಅಕ್ಷರ ಶೈಲಿಯನ್ನು ಉಳಿಸುವುದು ಟೆಕ್ಸ್ಟ್ ಇನ್‌ಸ್ಪೆಕ್ಟರ್‌ನ ಪ್ರಿಸೆಟ್ ಪಟ್ಟಿಯಿಂದ. ಅಲ್ಲಿ ಅಳತೆ, ಅಕ್ಷರಗಳ ನಡುವಿನ ಅಂತರ ಮುಂತಾದ ಸ್ವರೂಪವನ್ನು ಮಾತ್ರ, ಬಣ್ಣ ನೆರಳುಗಳ ನೋಟವನ್ನು ಮಾತ್ರ, ಅಥವಾ ಎರಡನ್ನೂ ಉಳಿಸುವ ಮೂರು ಆಯ್ಕೆಗಳಿವೆ. ನಾನು ನೋಟವನ್ನು ಪ್ರತ್ಯೇಕವಾಗಿ ಉಳಿಸುವುದನ್ನೇ ಮೆಚ್ಚುತ್ತೇನೆ, ಏಕೆಂದರೆ ಆಗ ಅದನ್ನು ದೊಡ್ಡ ಶೀರ್ಷಿಕೆಗೂ ಕೆಳಗಿನ ಸಣ್ಣ ಹೆಸರಿನ ಪಟ್ಟಿಗೂ ಅಳತೆ ಕೆಡಿಸದೆ ಹಚ್ಚಬಹುದು.

ಲೈಬ್ರರಿಯಲ್ಲಿರುವುದೆಲ್ಲ ಒಂದೇ ಬಗೆಯ ಹಕ್ಕಿನದಲ್ಲ. ತಂತ್ರಾಂಶದ ಜೊತೆಗೆ ಬಂದ ಸಾಮಗ್ರಿಯನ್ನು ನಿಮ್ಮ ವಿಡಿಯೊದ ಭಾಗವಾಗಿ ರಾಯಧನವಿಲ್ಲದೆ ಬಳಸಬಹುದು, ಬಿಡಿಬಿಡಿ ಕಡತಗಳಾಗಿ ಮಾರುವಂತಿಲ್ಲ, ಹಂಚುವಂತಿಲ್ಲ. ಮ್ಯೂಸಿಕ್ ಮತ್ತು ಫೋಟೋಸ್ ವರ್ಗಗಳು ಮಾತ್ರ ನಿಮ್ಮದೇ ಕಂಪ್ಯೂಟರ್‌ನ ಸಂಗ್ರಹವನ್ನು ತೋರಿಸುತ್ತವೆ. ಕೇಳಲು ಕೊಂಡ ಹಾಡು ಅಲ್ಲಿ ಕಂಡ ಮಾತ್ರಕ್ಕೆ ಅದನ್ನು ವಿಡಿಯೊದಲ್ಲಿ ಪ್ರಕಟಿಸುವ ಹಕ್ಕು ದೊರೆತಂತಲ್ಲ.

ಕೊನೆಯದಾಗಿ, ಕೆಲಸವನ್ನು ಬೇರೆ ಕಂಪ್ಯೂಟರ್‌ಗೆ ಒಯ್ಯುವಾಗಿನ ಕ್ರಮ. ಪ್ರಾಜೆಕ್ಟ್ ಕಡತ ತನ್ನೊಳಗೆ ಚಿತ್ರ, ವಿಡಿಯೊಗಳನ್ನು ಇಟ್ಟುಕೊಳ್ಳದೆ ಅವುಗಳ ವಿಳಾಸವನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಇದನ್ನು ಅರಿಯದೆ ನಾನು ಒಮ್ಮೆ ಪ್ರಾಜೆಕ್ಟ್ ಕಡತವೊಂದನ್ನೇ ನಕಲು ಮಾಡಿಕೊಂಡು ಹೋಗಿ, ಸಹೋದ್ಯೋಗಿಯ ಮುಂದೆ ತೆರೆದಾಗ, ಷಟ್ಕೋನಗಳಿರಬೇಕಾದ ಜಾಗದಲ್ಲಿ ಮೀಡಿಯಾ ಸಿಗುತ್ತಿಲ್ಲವೆಂಬ ಸೂಚನೆ ಬಂದು, ಆ ಸಂಜೆಯ ಕೆಲಸವೇ ನಿಂತುಹೋಗಿತ್ತು. ಸೇವ್ ಮಾಡುವ ಕಿಟಕಿಯಲ್ಲಿ ಕಲೆಕ್ಟ್ ಮೀಡಿಯಾ ಎಂಬಲ್ಲಿ ‘ಕಾಪಿ ಟು ಫೋಲ್ಡರ್’ ಆರಿಸಿದರೆ ಬಳಸಿದ ಮೀಡಿಯಾ ಪ್ರಾಜೆಕ್ಟ್‌ನ ಜೊತೆಗೇ ಒಂದು ಫೋಲ್ಡರ್‌ನಲ್ಲಿ ಸೇರುತ್ತದೆ. ಫಾಂಟ್‌ಗಳನ್ನು ಮಾತ್ರ ಬೇರೆಯಾಗಿ ಒಯ್ದು ಅಲ್ಲಿ ಅಳವಡಿಸಬೇಕು. ನೀವು ಲೈಬ್ರರಿಗೆ ಸೇರಿಸಿದ ಸ್ವಂತ ವಸ್ತುಗಳು ನಿಮ್ಮ ಬಳಕೆದಾರ ಖಾತೆಯ ಲೈಬ್ರರಿ ಫೋಲ್ಡರ್‌ನ ಅಪ್ಲಿಕೇಶನ್ ಸಪೋರ್ಟ್‌ನಲ್ಲಿ, ಮೋಷನ್ ಎಂಬುದರ ಒಳಗಿನ ಲೈಬ್ರರಿಯಲ್ಲಿ ಇರುತ್ತವೆ. ಈ ಫೋಲ್ಡರ್ ಸಾಮಾನ್ಯವಾಗಿ ಕಾಣಿಸುವುದಿಲ್ಲ. ಮ್ಯಾಕ್‌ನ ಕಡತಗಳನ್ನು ತೋರಿಸುವ ಫೈಂಡರ್‌ನಲ್ಲಿ ಆಪ್ಷನ್ ಕೀಲಿಯನ್ನು ಒತ್ತಿ ಹಿಡಿದು ಗೋ ಮೆನು ತೆರೆದರೆ ಅಲ್ಲಿ ಲೈಬ್ರರಿಯ ಹೆಸರು ಮೂಡುತ್ತದೆ. ಆಪಲ್‌ನ ವಿಡಿಯೊ ಸಂಕಲನ ತಂತ್ರಾಂಶ ಫೈನಲ್ ಕಟ್ ಪ್ರೊಗಾಗಿ ಪ್ರಕಟಿಸಿದ ಟೆಂಪ್ಲೇಟ್‌ಗಳು ಮಾತ್ರ ಮೂವೀಸ್ ಫೋಲ್ಡರ್‌ನೊಳಗಿನ ಮೋಷನ್ ಟೆಂಪ್ಲೇಟ್ಸ್‌ನಲ್ಲಿ ಸೇರುತ್ತವೆ. ಎರಡೂ ಫೋಲ್ಡರ್‌ಗಳನ್ನು ಬ್ಯಾಕಪ್ ಪಟ್ಟಿಗೆ ಸೇರಿಸಿ, ಹೊಸ ಯಂತ್ರದಲ್ಲಿ ಅವೇ ಜಾಗಗಳಲ್ಲಿ ಇಟ್ಟ ಮೇಲೆ ಮೋಷನ್ ಅನ್ನು ಮುಚ್ಚಿ ಮತ್ತೆ ತೆರೆಯಿರಿ.